ಶರ್ಟಿಗೆ 1 ರೂಪಾಯಿ 34 ಪೈಸೆ

2020ರ ಏಪ್ರಿಲ್ 1ರಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರ ಸಂಬಳಕ್ಕೆ ತಿಂಗಳಿಗೆ 417 ರೂಪಾಯಿ 60 ಪೈಸೆ ಸೇರಬೇಕಿತ್ತು. ಅದು ಕನಿಷ್ಠ ವೇತನದ ಭಾಗವೇ ಆದ ತುಟ್ಟಿಭತ್ಯೆ. ಅಕ್ಕಿ, ಬೇಳೆ, ಎಣ್ಣೆಗಳ ದರ ಏರಿದಷ್ಟಕ್ಕೆ ಸರಿಯಾಗಿ ಪ್ರತಿ ಏಪ್ರಿಲ್‌ನಲ್ಲೂ ಏರಬೇಕಾದದ್ದು. ಮಾಲೀಕರ ಔದಾರ್ಯದ ಪ್ರಶ್ನೆಯೇ ಇಲ್ಲಿಲ್ಲ. ಹೋದ ವರ್ಷ ತಂದ ಸಾಮಾನನ್ನೇ ಈ ವರ್ಷವೂ ತರಲು ಬೇಕಾಗುವ ದುಡ್ಡು ಅಷ್ಟೆ. ಕೋವಿಡ್ ಕಾರಣ ಕೊಟ್ಟು ರಾಜ್ಯ ಸರ್ಕಾರ ಜುಲೈನಲ್ಲಿ ಅದನ್ನು ಮುಂದೂಡಿತು. ಕಾರ್ಮಿಕ ಸಂಘಗಳು ಕೋರ್ಟಿಗೆ ಹೋದವು. ಬಾಕಿ ಸಹಿತ ಕೊಡಬೇಕೆಂದು ಹೈಕೋರ್ಟ್ ಸೆಪ್ಟೆಂಬರ್‌ನಲ್ಲೇ ಹೇಳಿತು. ಆದರೂ ಹೆಚ್ಚಿನ ಕಾರ್ಖಾನೆಗಳು ಕೊಡಲಿಲ್ಲ. ಆ ವರ್ಷ ಹೋಯಿತು, ಮಾರನೇ ವರ್ಷವೂ ಹೋಯಿತು.

ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಎಂಬ ಸಂಸ್ಥೆಯ ಪ್ರಕಾರ ಹೀಗೆ ಹಣ ಕೈತಪ್ಪಿದವರು 4 ಲಕ್ಷಕ್ಕೂ ಹೆಚ್ಚು ಮಂದಿ. ನೀವೇ ಗುಣಿಸಿ ನೋಡಿ, ವರ್ಷಕ್ಕೆ 200 ಕೋಟಿ ರೂಪಾಯಿ ಆಗುತ್ತದೆ. ಒಬ್ಬೊಬ್ಬರ ಲೆಕ್ಕದಲ್ಲಿ 22 ತಿಂಗಳಿಗೆ 9,187 ರೂಪಾಯಿ, ಹತ್ತಿರ ಹತ್ತಿರ ಒಂದು ತಿಂಗಳ ಸಂಬಳ.

ಕಾರ್ಖಾನೆಯ ಕಡೆಯಿಂದ ನೋಡಿದರೆ ಇದೆಷ್ಟು ದೊಡ್ಡ ಹೊರೆ? ಅವರೇ ಬಳಸುವ ಅಳತೆಯಲ್ಲಿ ಲೆಕ್ಕ ಹಾಕೋಣ. ರಫ್ತು ಮಾಡುವ ಯಾವುದೇ ದೊಡ್ಡ ಗಾರ್ಮೆಂಟ್ಸ್‌ನಲ್ಲಿ ಐಇ ಎಂಬ ವಿಭಾಗವಿರುತ್ತದೆ, ಇಂಡಸ್ಟ್ರಿಯಲ್ ಎಂಜಿನಿಯರಿಂಗ್. ಅಲ್ಲಿನ ಹುಡುಗರು ಸ್ಟಾಪ್‌ವಾಚ್ ಹಿಡಿದು ಮೆಷಿನ್ ಪಕ್ಕ ನಿಲ್ಲುತ್ತಾರೆ. ಕಾಲರ್ ಕೂಡಿಸಲು ಇಷ್ಟು ಸೆಕೆಂಡು, ತೋಳು ಜೋಡಿಸಲು ಇಷ್ಟು, ಕಾಜಾಕ್ಕೆ ಇಷ್ಟು ಎಂದು ಒಂದೊಂದನ್ನೂ ಅಳೆದು, ಕೂಡಿ, ಇಡೀ ಶರ್ಟಿಗೆ ತಗಲಬೇಕಾದ ನಿಮಿಷಗಳನ್ನು ಗೊತ್ತುಮಾಡುತ್ತಾರೆ. ಕಾರ್ಖಾನೆಯ ಭಾಷೆಯಲ್ಲಿ ಅದು ‘ಸ್ಯಾಮ್’. ವಿದೇಶಿ ಖರೀದಿದಾರರ ಜೊತೆ ಬೆಲೆ ಕುದುರುವುದು, ಬೆಳಿಗ್ಗೆ ಬೋರ್ಡಿನ ಮೇಲೆ ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್ ಬರೆಯುವುದು, ಎರಡೂ ಇದರ ಮೇಲೆಯೇ.

ಉದಾಹರಣೆಗೆ, ಒಂದು ಶರ್ಟಿನ ಸ್ಯಾಮ್ 24 ನಿಮಿಷ ಎಂದುಕೊಳ್ಳಿ. ಯಾವ ಲೈನೂ ನೂರಕ್ಕೆ ನೂರು ಓಡುವುದಿಲ್ಲ. ದಾರ ತುಂಡಾಗುತ್ತದೆ, ಬಂಡಲ್ ತಡವಾಗುತ್ತದೆ, ಕರೆಂಟ್ ಹೋಗುತ್ತದೆ. ಶೇ 60ರ ದಕ್ಷತೆ ಹಿಡಿದರೆ ಒಂದು ಶರ್ಟಿಗೆ 40 ನಿಮಿಷ. ಎಂಟು ಗಂಟೆಯ ದಿನಕ್ಕೆ ತಲಾ 12 ಶರ್ಟು, 26 ದಿನಕ್ಕೆ 312. ಈಗ 417 ರೂಪಾಯಿ 60 ಪೈಸೆಯನ್ನು ಅಷ್ಟು ಶರ್ಟುಗಳಿಗೆ ಹಂಚಿ. ಒಂದಕ್ಕೆ ಬೀಳುವುದು 1 ರೂಪಾಯಿ 34 ಪೈಸೆ. ಹೆಲ್ಪರ್, ಚೆಕ್ಕಿಂಗ್, ಐರನ್, ಪ್ಯಾಕಿಂಗ್ ವಿಭಾಗದವರನ್ನೂ ಸೇರಿಸಿ ದುಪ್ಪಟ್ಟು ಮಾಡಿದರೂ ಮೂರು ರೂಪಾಯಿ ದಾಟುವುದಿಲ್ಲ. ಆ ಶರ್ಟು ಮಾಲ್‌ನಲ್ಲಿ ಎರಡು ಸಾವಿರಕ್ಕೆ ನೇತಾಡುತ್ತಿರುತ್ತದೆ. ಅದೇ ಬೆಲೆಯನ್ನು 1,999 ಎಂದು ಬರೆಯಲು ಬಿಟ್ಟುಕೊಡುವುದೇ ಒಂದು ರೂಪಾಯಿ.

ಯುರೋಪಿನ ಫೇರ್ ವೇರ್ ಫೌಂಡೇಶನ್ ಹಿಂದೊಮ್ಮೆ 29 ಯೂರೊ ಬೆಲೆಯ ಟಿ-ಶರ್ಟನ್ನು ಹೀಗೆಯೇ ಬಿಡಿಸಿಟ್ಟಿತ್ತು. ಅಂಗಡಿಯ ಖರ್ಚು ಮತ್ತು ಲಾಭಕ್ಕೆ 17 ಯೂರೊ. ಹೊಲಿದವರ ಕೂಲಿ 18 ಸೆಂಟ್, ಅಂದರೆ ನೂರರಲ್ಲಿ ಒಂದು ಪಾಲೂ ಇಲ್ಲ. ಹಾಗಾಗಿ ‘ಸಂಬಳ ಏರಿಸಿದರೆ ಬಟ್ಟೆ ತುಟ್ಟಿಯಾಗುತ್ತದೆ’ ಎನ್ನುವವರ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ‘ಏರಿಸಲು ನಮ್ಮ ಕೈಯಲ್ಲಿ ಆಗುವುದಿಲ್ಲ’ ಎನ್ನುವ ಕಾರ್ಖಾನೆ ಮಾಲೀಕರ ಮಾತಿನಲ್ಲಿ ಅರ್ಧ ಸತ್ಯವಿದೆ.

ಲೇಬಲ್ಲಿನ ಮೇಲೆ ಹೆಸರಿರುವ ಬ್ರ್ಯಾಂಡಿಗೆ ಸಾಮಾನ್ಯವಾಗಿ ಸ್ವಂತ ಕಾರ್ಖಾನೆ ಇರುವುದಿಲ್ಲ. ಅದು ಡಿಸೈನ್ ಕಳಿಸುತ್ತದೆ, ಬೆಲೆ ಹೇಳುತ್ತದೆ, ತಾರೀಖು ಹೇಳುತ್ತದೆ. ಒಪ್ಪದಿದ್ದರೆ ಢಾಕಾ ಇದೆ, ಹನೋಯಿ ಇದೆ. ಬಟ್ಟೆಯ ದರ ಮಿಲ್ಲಿನ ಕೈಲಿ, ಕರೆಂಟಿನದು ಬೆಸ್ಕಾಂ ಕೈಲಿ, ಬಡ್ಡಿ ಬ್ಯಾಂಕಿನ ಕೈಲಿ. ರಫ್ತುದಾರ ಹಿಂಡಬಹುದಾದದ್ದು ಒಂದೇ, ಲೈನಿನಲ್ಲಿ ಕೂತ ಹೆಂಗಸಿನ ಸಂಬಳ ಮತ್ತು ಸಮಯ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಹಲವು ಬ್ರ್ಯಾಂಡ್‌ಗಳು ಹೊಲಿದು ಮುಗಿಸಿದ್ದ ಮಾಲನ್ನೂ ಬೇಡವೆಂದವು. ‘ಪೇ ಅಪ್’ ಎಂದು ಜಗತ್ತಿನಾದ್ಯಂತ ಕೂಗು ಎದ್ದ ಮೇಲೆ ಕೆಲವು ದುಡ್ಡು ಕೊಟ್ಟವು. ಮೇಲಿನವನು ಕೈ ಝಾಡಿಸಿದರೆ ನಷ್ಟ ಉರುಳಿ ಬಂದು ನಿಲ್ಲುವುದು ಕಟ್ಟಕಡೆಯ ಮೆಷಿನ್ನಿನ ಮೇಲೆ.

ಆ ಮೆಷಿನ್ನಿನ ಮುಂದೆ ಕೂತವರ ದಿನ ಹೇಗಿರುತ್ತದೆ? ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ದೊಡ್ಡಬಳ್ಳಾಪುರ, ಮದ್ದೂರು, ಎಲ್ಲಿ ಬೇಕಾದರೂ ಬೆಳಿಗ್ಗೆ ಗೇಟಿನ ಹತ್ತಿರ ನಿಂತರೆ ಕಾಣುತ್ತದೆ. ಸಿಟಿ ಬಸ್ಸಿನಲ್ಲಿ, ಹಳ್ಳಿಗಳಿಂದ ಬರುವ ಟೆಂಪೊಗಳಲ್ಲಿ ಬಂದಿಳಿಯುವ ಹೆಂಗಸರು. ಒಂದು ಕೈಯಲ್ಲಿ ಊಟದ ಬುತ್ತಿ, ಕೊರಳಲ್ಲಿ ಐಡಿ ಕಾರ್ಡು. ಗೇಟು ಮುಚ್ಚುವ ಹೊತ್ತಾದರೆ ಓಟ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಪಾಸಿನ ಖರ್ಚು ಉಳಿಯಿತು. ಇವರ ಮಟ್ಟಿಗೆ ಅದೊಂದು ಸಂಬಳ ಏರಿಕೆಯೇ, ಕಂಪನಿ ಕೊಟ್ಟದ್ದಲ್ಲ ಎಂಬುದನ್ನು ಬಿಟ್ಟರೆ.

ಒಳಗೆ ಒಬ್ಬಳು ಇಡೀ ಶರ್ಟು ಹೊಲಿಯುವುದಿಲ್ಲ. ಒಬ್ಬಳು ದಿನವಿಡೀ ಎಡತೋಳನ್ನೇ ಕೂಡಿಸುತ್ತಾಳೆ, ಇನ್ನೊಬ್ಬಳು ಜೇಬನ್ನೇ. ಮುಂದಿನವಳ ಕೆಲಸ ಹಿಂದಿನವಳ ಕೈಯನ್ನು ಕಾಯುತ್ತಿರುತ್ತದೆ. ಹತ್ತು ನಿಮಿಷ ಎದ್ದುಹೋದರೆ ಪೀಸ್ ರಾಶಿ ಬೀಳುತ್ತದೆ, ಸೂಪರ್‌ವೈಸರ್ ಬರುತ್ತಾನೆ. ‘ಪ್ರೊಡಕ್ಷನ್ ಬರ್ತಿಲ್ಲ’ ಎನ್ನುವುದು ಅಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಕೇಳುವ ವಾಕ್ಯ. ಅದರ ಹಿಂದುಮುಂದಿನ ಬೈಗುಳ ಇಲ್ಲಿ ಅಚ್ಚು ಹಾಕುವಂಥದ್ದಲ್ಲ. ಟಾಯ್ಲೆಟ್ಟಿಗೆ ಏಳಬೇಕಾಗುತ್ತದೆಂದು ನೀರು ಕಡಿಮೆ ಕುಡಿಯುವುದು ಈ ಕೆಲಸಕ್ಕೆ ಅಂಟಿಕೊಂಡ ಅಭ್ಯಾಸ, ಮೂತ್ರನಾಳದ ಸೋಂಕು ಅದರ ಹಿಂದೆಯೇ ಬರುವ ಕಾಯಿಲೆ. ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ಎಂದು ಹಳೆಯ ಕಾರ್ಖಾನೆ ಕಾಯ್ದೆಯಲ್ಲೂ ಇತ್ತು, ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದೆ. ಟಾರ್ಗೆಟ್ ಮುಗಿಯದೆ ಅರ್ಧ ಗಂಟೆ ಜಾಸ್ತಿ ಕೂತರೆ ಅದನ್ನು ಓಟಿ ಎಂದು ಬರೆದುಕೊಳ್ಳುವವರು ಯಾರು?

ಬೆಂಗಳೂರು ಈ ಹೆಂಗಸರನ್ನು ಒಮ್ಮೆ ಸರಿಯಾಗಿ ನೋಡಿದ್ದು 2016ರ ಏಪ್ರಿಲ್ 18 ಮತ್ತು 19ರಂದು. ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ನಿಯಮ ತಂದಿತ್ತು. ದೆಹಲಿಯ ಅಧಿಕಾರಿಗೆ ಅದು ವೃದ್ಧಾಪ್ಯದ ಭದ್ರತೆ. ನಲವತ್ತು ದಾಟುತ್ತಿದ್ದಂತೆ ಕಣ್ಣು, ಬೆನ್ನು ಕೈಕೊಟ್ಟು ಲೈನಿನಿಂದ ಹೊರಬೀಳುವವಳಿಗೆ ಪಿಎಫ್ ಎಂದರೆ ಮಗಳ ಮದುವೆ, ಮಗನ ಕಾಲೇಜು, ಊರಲ್ಲಿ ಬಡ್ಡಿಗೆ ತಂದ ಸಾಲ. ಸುದ್ದಿ ಹಬ್ಬಿತು, ಮೆಷಿನ್ ನಿಂತವು. ಹೊಸೂರು ರಸ್ತೆ, ಮೈಸೂರು ರಸ್ತೆ, ತುಮಕೂರು ರಸ್ತೆಗೆ ಸಾವಿರ ಸಾವಿರ ಜನ ಬಂದು ಕೂತರು. ಯಾವ ಪಕ್ಷವೂ ಕರೆ ಕೊಟ್ಟಿರಲಿಲ್ಲ, ಯಾವ ಸಂಘವೂ ಮುಂದೆ ನಿಂತಿರಲಿಲ್ಲ. ಲಾಠಿ ಬೀಸಿತು, ಕಲ್ಲು ತೂರಿಬಂತು, ಬಸ್ಸು ಉರಿಯಿತು. ಎರಡನೇ ದಿನ ಸಂಜೆಯೊಳಗೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ನಿಯಮ ವಾಪಸ್ ಎಂದು ಘೋಷಿಸಿದರು. ನಗರ ಮಾತ್ರ ಬಹುಮಟ್ಟಿಗೆ ಟ್ರಾಫಿಕ್ ಜಾಮ್ ಬಗ್ಗೆ ಮಾತಾಡಿತು.

ರಸ್ತೆಗಿಳಿದು ಗೆದ್ದದ್ದನ್ನು ಕಾರ್ಖಾನೆಯೊಳಗೆ ಉಳಿಸಿಕೊಳ್ಳುವುದು ಬೇರೆಯೇ ಕೆಲಸ. ಅದಕ್ಕೆ ಸಂಘ ಬೇಕು, ಸಂಘಕ್ಕೆ ಸದಸ್ಯರು ಬೇಕು. ಗಾರ್ಮೆಂಟ್ಸ್‌ನಲ್ಲಿ ಸದಸ್ಯತ್ವದ ರಸೀದಿ ಇಟ್ಟುಕೊಳ್ಳುವುದಕ್ಕೂ ಧೈರ್ಯ ಬೇಕು. ಶ್ರೀರಂಗಪಟ್ಟಣದಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ಗೆ ಸೇರಿದ ಒಂದು ಘಟಕವಿತ್ತು. ಸ್ವೀಡನ್ನಿನ ಎಚ್ ಆ್ಯಂಡ್ ಎಂ ಬ್ರ್ಯಾಂಡಿನ ಬಟ್ಟೆ ಹೊಲಿಯುತ್ತಿದ್ದ ಅಲ್ಲಿ ಕಾರ್ಮಿಕರ ಸಂಘವೂ ಗಟ್ಟಿಯಾಗಿತ್ತು. 2020ರ ಜೂನ್‌ನಲ್ಲಿ ಮೆಷಿನ್‌ಗಳನ್ನು ಸಾಗಿಸುವುದಕ್ಕೆ ಶುರುಮಾಡಿದರು. 1,200ಕ್ಕೂ ಹೆಚ್ಚು ಮಂದಿಯ ಕೆಲಸ ಹೋಯಿತು. ಆರ್ಡರ್ ಇಲ್ಲ ಎಂದು ಕಂಪನಿ ಹೇಳಿತು. ಬೇರೆ ಘಟಕಗಳೆಲ್ಲ ನಡೆಯುತ್ತಿರುವಾಗ ಸಂಘವಿದ್ದ ಘಟಕವೇ ಏಕೆ ಎಂದು ಕಾರ್ಮಿಕರು ಕೇಳಿದರು. ಗೇಟಿನ ಮುಂದೆ ವಾರಗಟ್ಟಲೆ ಕೂತರು. ಅಂತರರಾಷ್ಟ್ರೀಯ ಕಾರ್ಮಿಕ ಒಕ್ಕೂಟಗಳು ಸ್ಟಾಕ್‌ಹೋಮ್‌ನಲ್ಲಿರುವ ಎಚ್ ಆ್ಯಂಡ್ ಎಂ ಕೇಂದ್ರ ಕಚೇರಿಗೆ ಪ್ರಶ್ನೆ ಮುಟ್ಟಿಸಿದವು. 2021ರ ಆರಂಭದಲ್ಲಿ ಒಪ್ಪಂದವಾಯಿತು: ಸಂಘಕ್ಕೆ ಮಾನ್ಯತೆ, ಕೆಲಸ ಕಳೆದುಕೊಂಡವರಿಗೆ ಮೈಸೂರಿನ ಘಟಕದಲ್ಲಿ ಆದ್ಯತೆ. ಮಂಡ್ಯ ಜಿಲ್ಲೆಯ ಹಳ್ಳಿಯಿಂದ ಮೈಸೂರಿಗೆ ದಿನಾ ಓಡಾಡಲು ಆಗದವರ ಪಾಲಿಗೆ ಆ ಗೆಲುವು ಅರ್ಧವೇ.

ಎಚ್ ಆ್ಯಂಡ್ ಎಂನಂಥ ಕಂಪನಿಗಳ ಬಳಿ ದಪ್ಪನೆಯ ನೀತಿ ಸಂಹಿತೆ ಇರುವುದಿಲ್ಲವೇ? ಇರುತ್ತದೆ. ಬಾಲಕಾರ್ಮಿಕರು ಇರಬಾರದು, ಬಲವಂತದ ದುಡಿಮೆ ಕೂಡದು, ಸಂಘ ಕಟ್ಟುವ ಹಕ್ಕು ಇರಬೇಕು, ಎಲ್ಲವೂ ಅದರಲ್ಲಿದೆ. ಅದನ್ನು ನೋಡಲು ಆಡಿಟರ್ ಬರುತ್ತಾನೆ. ಬರುವ ದಿನ ಮೊದಲೇ ಗೊತ್ತಿದ್ದರೆ ಅಂದು ಫಸ್ಟ್ ಏಡ್ ಡಬ್ಬಿ ತುಂಬಿರುತ್ತದೆ, ಟಾಯ್ಲೆಟ್ಟಿನಲ್ಲಿ ಸೋಪು ಇರುತ್ತದೆ, ಏನು ಕೇಳಿದರೆ ಏನು ಹೇಳಬೇಕು ಎಂಬುದನ್ನು ಕಲಿಸಿರುತ್ತಾರೆ. ಶಾಲೆಗೆ ಇನ್‌ಸ್ಪೆಕ್ಟರ್ ಬರುವ ದಿನ ನಮ್ಮನ್ನೆಲ್ಲ ಹೇಗೆ ತಯಾರು ಮಾಡುತ್ತಿದ್ದರೋ ಹಾಗೆ. ಆಡಿಟ್ಟಿನ ಫೀಸು ಬಹಳ ಸಲ ಕಾರ್ಖಾನೆಯದೇ.

ಇಂಥ ಆಡಿಟ್ಟಿನ ಬೆಲೆ ಎಷ್ಟು ಎಂಬುದಕ್ಕೆ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಸಾಕ್ಷಿ. ಜರ್ಮನಿಯ ಕಿಕ್ ಎಂಬ ಅಗ್ಗದ ಬಟ್ಟೆ ಕಂಪನಿ ಅದರ ಮುಖ್ಯ ಗಿರಾಕಿ. 2012ರ ಸೆಪ್ಟೆಂಬರ್ 11ರಂದು ಅಲ್ಲಿ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಕೆಲವೇ ವಾರಗಳ ಹಿಂದೆ ಆ ಕಾರ್ಖಾನೆಗೆ ಎಸ್‌ಎ 8000 ಎಂಬ ಪ್ರತಿಷ್ಠಿತ ಪ್ರಮಾಣಪತ್ರ ಸಿಕ್ಕಿತ್ತು. ಬೆಂಕಿ ಹಚ್ಚಿದ್ದು ಹಫ್ತಾ ವಸೂಲಿಯವರು ಎಂದು ಕೋರ್ಟು ಮುಂದೆ ಇಬ್ಬರಿಗೆ ಶಿಕ್ಷೆ ವಿಧಿಸಿತು, ನಿಜ. ಆದರೆ ಕಿಟಕಿಗೆ ಸರಳು ಹಾಕಿದ್ದು, ಬಾಗಿಲಿಗೆ ಬೀಗ ಜಡಿದದ್ದು ಅವರಲ್ಲ. ಸರ್ಟಿಫಿಕೇಟ್ ಕೊಟ್ಟವರಿಗೆ ಆ ಬೀಗ ಕಂಡಿರಲಿಲ್ಲ.

ಏಳು ತಿಂಗಳ ನಂತರ, 2013ರ ಏಪ್ರಿಲ್ 23ರಂದು, ಢಾಕಾ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡದ ಕಂಬಗಳಲ್ಲಿ ಬಿರುಕು ಕಾಣಿಸಿತು. ಕೆಳಗಿದ್ದ ಬ್ಯಾಂಕು ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಮೇಲಿನ ಅಂತಸ್ತುಗಳ ಗಾರ್ಮೆಂಟ್ಸ್‌ನವರಿಗೆ ಮಾರನೇ ದಿನ ಬರಲೇಬೇಕು, ಇಲ್ಲದಿದ್ದರೆ ಸಂಬಳವಿಲ್ಲ ಎಂದರು. ಬೆಳಿಗ್ಗೆ ಕರೆಂಟು ಹೋಗಿ ಜನರೇಟರ್ ಶುರುವಾದ ಸ್ವಲ್ಪ ಹೊತ್ತಿಗೆ ಕಟ್ಟಡ ಕುಸಿಯಿತು. ಸತ್ತವರು 1,134. ಒಂದೇ ಕಟ್ಟಡದ ಒಳಗೆ ಬ್ಯಾಂಕ್ ನೌಕರನಿಗೆ ಬಿರುಕು ಕಂಡಾಗ ‘ಬರುವುದಿಲ್ಲ’ ಎನ್ನುವ ಅವಕಾಶವಿತ್ತು, ಹೊಲಿಗೆಯವಳಿಗೆ ಇರಲಿಲ್ಲ. ಕಾರ್ಮಿಕ ಹಕ್ಕು ಎಂದರೇನು ಎಂದು ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಆಮೇಲೆ ಬಂದ ಬಾಂಗ್ಲಾದೇಶ ಅಕಾರ್ಡ್ ಈ ಕ್ಷೇತ್ರದಲ್ಲಿ ಹೊಸ ವಸ್ತು. 2013ರ ಮೇ ತಿಂಗಳಲ್ಲಿ ಸಹಿಯಾದ ಈ ಒಪ್ಪಂದದಲ್ಲಿ ಒಂದು ಕಡೆ ಬ್ರ್ಯಾಂಡ್‌ಗಳು, ಇನ್ನೊಂದು ಕಡೆ ಕಾರ್ಮಿಕ ಸಂಘಗಳು. ತಪಾಸಣೆ ಸ್ವತಂತ್ರ ಎಂಜಿನಿಯರ್‌ಗಳದು, ವರದಿ ಸಾರ್ವಜನಿಕ, ರಿಪೇರಿಗೆ ಹಣ ಹೊಂದಿಸುವಲ್ಲಿ ಬ್ರ್ಯಾಂಡಿಗೂ ಹೊಣೆ. ಮುಖ್ಯವಾಗಿ, ಮಾತು ತಪ್ಪಿದರೆ ಕಾನೂನು ಕ್ರಮ. ಇದು ಬರೀ ಕಾಗದವಲ್ಲ ಎಂಬುದೂ ಗೊತ್ತಾಯಿತು: ಸಂಘಗಳು ಎರಡು ಬ್ರ್ಯಾಂಡ್‌ಗಳನ್ನು ಹೇಗ್‌ನ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಎಳೆದವು, ಅವುಗಳಲ್ಲಿ ಒಂದು 2018ರಲ್ಲಿ 23 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. 200ಕ್ಕೂ ಹೆಚ್ಚು ಬ್ರ್ಯಾಂಡ್‌ಗಳು ಸಹಿ ಹಾಕಿದ್ದವು.

ನಮ್ಮ ಪಕ್ಕದ ತಮಿಳುನಾಡಿನಲ್ಲೂ ಇಂಥದ್ದೊಂದು ಆಗಿದೆ, ಅದಕ್ಕೂ ಒಂದು ಸಾವೇ ಬೇಕಾಯಿತು. 2021ರ ಜನವರಿಯಲ್ಲಿ ದಿಂಡಿಗಲ್ ಭಾಗದ ಗಾರ್ಮೆಂಟ್ಸ್ ಒಂದರ ಯುವ ದಲಿತ ಕಾರ್ಮಿಕೆಯ ಕೊಲೆಯಾಯಿತು. ಆರೋಪಿ ಅವಳ ಸೂಪರ್‌ವೈಸರ್. ದಲಿತ ಮಹಿಳೆಯರೇ ನಡೆಸುವ ಅಲ್ಲಿನ ಸಂಘ ಪಟ್ಟು ಬಿಡಲಿಲ್ಲ. ಮರುವರ್ಷ ದಿಂಡಿಗಲ್ ಒಪ್ಪಂದಕ್ಕೆ ಸಹಿ ಬಿತ್ತು. ಎಚ್ ಆ್ಯಂಡ್ ಎಂ, ಗ್ಯಾಪ್, ಪಿವಿಎಚ್ ಕಂಪನಿಗಳು ಅದರಲ್ಲಿ ಭಾಗಿಯಾದವು. ಲೈನಿನಲ್ಲಿ ಕೆಲಸ ಮಾಡುವ ಹೆಂಗಸರಲ್ಲೇ ಕೆಲವರಿಗೆ ತರಬೇತಿ ಕೊಟ್ಟು ಕಿರುಕುಳದ ಮೇಲೆ ಕಣ್ಣಿಡಲು ನೇಮಿಸಿದರು. ಆಡಿಟರ್ ವರ್ಷಕ್ಕೊಮ್ಮೆ ಬರುವವನು, ಇವರು ದಿನಾ ಅಲ್ಲೇ ಕೂತಿರುವವರು. ಬೈಗುಳ ಯಾರ ಬಾಯಿಂದ ಬಂತು, ಎಷ್ಟು ಹೊತ್ತಿಗೆ ಬಂತು, ಇವರಿಗೆ ಗೊತ್ತು. ನನ್ನ ಅಭಿಪ್ರಾಯದಲ್ಲಿ ಇಡೀ ದೇಶದ ಗಾರ್ಮೆಂಟ್ಸ್‌ಗೆ ಬೇಕಾದ ವ್ಯವಸ್ಥೆ ಇದು. ಕರ್ನಾಟಕದಲ್ಲಿ ಇದಕ್ಕೆ ಸರಿಸಮವಾದದ್ದು ಇನ್ನೂ ಬೇರೂರಿಲ್ಲ.

ತುಟ್ಟಿಭತ್ಯೆಯ ವ್ಯಾಜ್ಯ ಮುಗಿದದ್ದೂ ಹೀಗೆ ಒತ್ತಡ ಬಿದ್ದಾಗಲೇ. ಬೆಂಗಳೂರಿನ ಸಂಘಗಳು ಗೇಟಿನಲ್ಲಿ ಕರಪತ್ರ ಹಂಚುತ್ತಲೇ ಇದ್ದವು. 2021ರ ಕೊನೆಯಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಬ್ರ್ಯಾಂಡ್‌ಗಳ ಹೆಸರು ಹಾಕಿ ಬರೆಯಿತು. ಗಿರಾಕಿಗಳು ವಿಚಾರಿಸತೊಡಗಿದರು. 2022ರ ಜನವರಿ ಹೊತ್ತಿಗೆ ದೇಶದ ಅತಿದೊಡ್ಡ ಗಾರ್ಮೆಂಟ್ಸ್ ರಫ್ತು ಕಂಪನಿಗಳಲ್ಲೊಂದಾದ ಶಾಹಿ ಎಕ್ಸ್‌ಪೋರ್ಟ್ಸ್ ಬಾಕಿ ಕೊಡಲು ಒಪ್ಪಿತು, ಹಿಂದೆಯೇ ಬೇರೆಯವರೂ ದಾರಿಗೆ ಬಂದರು. ನಮ್ಮದೇ ಹೈಕೋರ್ಟಿನ ಮಾತು ಕಾರ್ಖಾನೆಯ ಕಿವಿಗೆ ಬೀಳಲು ಲಂಡನ್ ಸುತ್ತಿಕೊಂಡು ಬರಬೇಕಾಯಿತು. ಕಾರ್ಮಿಕ ಇಲಾಖೆಯವರು ಇದನ್ನು ಯೋಚಿಸಬೇಕು.

ಯುರೋಪಿನಲ್ಲಿ ಈಗ ಕಾನೂನುಗಳು ಬರುತ್ತಿವೆ. ಫ್ರಾನ್ಸ್ 2017ರಲ್ಲಿ ಶುರುಮಾಡಿತು, ಜರ್ಮನಿಯ ಕಾಯ್ದೆ 2023ರ ಜನವರಿಯಿಂದ ಜಾರಿಯಲ್ಲಿದೆ, ಐರೋಪ್ಯ ಒಕ್ಕೂಟ 2024ರಲ್ಲಿ ನಿರ್ದೇಶನ ಹೊರಡಿಸಿತು. ಎಲ್ಲದರ ಸಾರ ಒಂದೇ: ಸರಬರಾಜುದಾರನ ಕಾರ್ಖಾನೆಯಲ್ಲಿ ನಡೆಯುವುದಕ್ಕೆ ದೊಡ್ಡ ಕಂಪನಿಯೂ ಉತ್ತರ ಹೇಳಬೇಕು. ಆದರೆ ಒಕ್ಕೂಟದ ನಿರ್ದೇಶನ ಜಾರಿಗೆ ಬರುವ ಮೊದಲೇ ಅದನ್ನು ಸಡಿಲಿಸುವ ಕೆಲಸ ಬ್ರಸೆಲ್ಸ್‌ನಲ್ಲಿ ನಡೆಯಿತು. ಇತ್ತ ಕಾರ್ಖಾನೆಗಳೂ ನಿಂತಲ್ಲಿ ನಿಂತಿಲ್ಲ. ಕನಿಷ್ಠ ವೇತನಕ್ಕೆ ರಾಜ್ಯದಲ್ಲಿ ವಲಯಗಳಿವೆ, ಬೆಂಗಳೂರಿಗಿಂತ ಸಣ್ಣ ಊರುಗಳಲ್ಲಿ ದರ ಕಡಿಮೆ. ಹಾಗಾಗಿ ಘಟಕಗಳು ನಗರ ಬಿಟ್ಟು ಹಳ್ಳಿಯ ಕಡೆ ಸರಿಯುತ್ತಿವೆ. ಬೆಂಗಳೂರಿನಲ್ಲಿ ಉಳಿದವು ಒಡಿಶಾ, ಜಾರ್ಖಂಡ್‌ನ ಹುಡುಗಿಯರನ್ನು ಹಾಸ್ಟೆಲ್‌ನಲ್ಲಿಟ್ಟು ದುಡಿಸಿಕೊಳ್ಳುತ್ತವೆ. ಕನ್ನಡ ಬಾರದ, ಊರಲ್ಲಿ ಗುರುತಿನವರಿಲ್ಲದ ಹುಡುಗಿ ಯಾವ ಸಂಘದ ಬಾಗಿಲು ತಟ್ಟುತ್ತಾಳೆ?

ಇಷ್ಟೂ ಹೇಳಿದ್ದು ರಫ್ತು ಮಾಡುವ ದೊಡ್ಡ ಕಾರ್ಖಾನೆಗಳ ಕತೆ. ಅಲ್ಲಿ ಕೊನೇಪಕ್ಷ ಇಎಸ್‌ಐ, ಪಿಎಫ್, ಹಾಜರಿ ಪುಸ್ತಕ ಇರುತ್ತದೆ. ಬಳ್ಳಾರಿಯ ಗಲ್ಲಿಗಳಲ್ಲಿ ಜೀನ್ಸ್ ಹೊಲಿಯುವವರಿಗೆ, ಮನೆಯಲ್ಲೇ ಕೂತು ದಾರ ಕತ್ತರಿಸಿ ಗುಂಡಿ ಹಚ್ಚುವವರಿಗೆ ಪೀಸಿಗೆ ಇಷ್ಟು ಎಂಬುದೊಂದೇ ಕಾಯ್ದೆ. ಅವರ ಹತ್ತಿರ ಯಾವ ಆಡಿಟರೂ ಬರುವುದಿಲ್ಲ, ಕಳ್ಳ ಆಡಿಟರ್ ಕೂಡ. ಆ ಜೀನ್ಸನ್ನು ತೊಡುವವರು ನಾವೇ, ಸ್ವೀಡನ್ನಿನವರಲ್ಲ.

ಹೀಗಿರುವಾಗ ಓದುಗರು ಮಾಡಬಹುದಾದದ್ದೇನು? ಬಹಿಷ್ಕಾರ ಬೇಡ. ಆರ್ಡರ್ ತಪ್ಪಿದರೆ ಮೊದಲು ಕೆಲಸ ಹೋಗುವುದು ಹೊಲಿಯುವವರದೇ ಎಂದು ಸಂಘಗಳೇ ಹೇಳುತ್ತವೆ. ‘ಸಸ್ಟೇನಬಲ್’ ಎಂಬ ಹಸಿರು ಚೀಟಿ ನೋಡಿ ಸಮಾಧಾನ ಪಡುವುದೂ ಬೇಡ. ಅದರಲ್ಲಿ ಹತ್ತಿಯ ಬಗ್ಗೆ ಇರುತ್ತದೆ, ಕೂಲಿಯ ಬಗ್ಗೆ ಇರುವುದು ಅಪರೂಪ. ನೈಕಿ 2005ರಲ್ಲಿ, ಎಚ್ ಆ್ಯಂಡ್ ಎಂ 2013ರಲ್ಲಿ ತಮ್ಮ ಸರಬರಾಜು ಕಾರ್ಖಾನೆಗಳ ಹೆಸರು, ವಿಳಾಸ ಬಹಿರಂಗ ಮಾಡಿದವು. ಓಪನ್ ಸಪ್ಲೈ ಹಬ್ ಎಂಬ ಜಾಲತಾಣದಲ್ಲಿ ಪೀಣ್ಯ, ಬೊಮ್ಮಸಂದ್ರ ಎಂದು ಹುಡುಕಿದರೆ ನಿಮ್ಮ ಮನೆಯ ಹಿಂದಿನ ರಸ್ತೆಯ ಕಾರ್ಖಾನೆ ಯಾರಿಗೆ ಹೊಲಿಯುತ್ತದೆ ಎಂಬುದೂ ಸಿಗಬಹುದು. ಶ್ರೀರಂಗಪಟ್ಟಣದವರು ಸ್ಟಾಕ್‌ಹೋಮ್‌ವರೆಗೆ ದೂರು ಮುಟ್ಟಿಸಲು ಆದದ್ದು ಬ್ರ್ಯಾಂಡಿನ ಹೆಸರು ಗೊತ್ತಿದ್ದರಿಂದ. ನಮ್ಮ ದೇಶದ ಬ್ರ್ಯಾಂಡ್‌ಗಳಲ್ಲಿ ಹೆಚ್ಚಿನವು ಇಂಥ ಪಟ್ಟಿಯನ್ನೇ ಕೊಡುವುದಿಲ್ಲ, ಏಕೆಂದರೆ ನಾವು ಕೇಳಿಲ್ಲ. ಮುಂದಿನ ಸಲ ಹಬ್ಬಕ್ಕೆ ಬಟ್ಟೆ ಕೊಂಡಾಗ ಬಿಲ್ಲಿನ ಮೇಲಿರುವ ಕಸ್ಟಮರ್ ಕೇರ್ ವಿಳಾಸಕ್ಕೆ ಎರಡು ಸಾಲು ಬರೆಯಿರಿ: ಇದನ್ನು ಹೊಲಿದ ಕಾರ್ಖಾನೆ ಯಾವುದು, ಅಲ್ಲಿ ಸಂಘ ಇದೆಯೇ. ಉತ್ತರ ಬರದಿದ್ದರೆ ಮತ್ತೊಮ್ಮೆ ಬರೆಯಿರಿ.